ಶಿರಸಿ ಪೇಟೆಯ ಒಂದು ಎಕ್ಸ್‌ರೇ ಕೇಂದ್ರ: ಮಷಿನ್ ಹೊಸತು, ಕೈ ಪಳಗಿಲ್ಲ

ಡಿಜಿಟಲ್ ಮಷಿನ್ ಚೆನ್ನಾಗಿದೆ, ದರವೂ ಪರವಾಗಿಲ್ಲ. ತೊಂದರೆ ಇರುವುದು ತೆಗೆಯುವ ಕ್ರಮದಲ್ಲಿ. ನಿಂತು ತೆಗೆಸುವ ಎದೆಯ ಎಕ್ಸ್‌ರೇಗೆ ಕಿರಣ ಬಿಡುವ ಟ್ಯೂಬ್ ಚಿತ್ರ ಹಿಡಿಯುವ ಪ್ಲೇಟಿನಿಂದ 180 ಸೆಂ.ಮೀ. ದೂರವಿರಬೇಕು, ಎದೆಯನ್ನು ಪ್ಲೇಟಿಗೆ ಒತ್ತಿ, ಭುಜ ಮುಂದೆ ತಳ್ಳಿ, ಉಸಿರು ಪೂರ್ತಿ ಎಳೆದು ಹಿಡಿಸಬೇಕು. ಇಲ್ಲಿ ಬೆನ್ನಿಗೆ ಪ್ಲೇಟಿಟ್ಟು, ಒಂದು ಮೀಟರಿನಿಂದಲೇ ಹೊಡೆಯುತ್ತಾರೆ. ಹೃದಯ ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಅರ್ಧ ಉಸಿರಾದರೆ ಶ್ವಾಸಕೋಶದ ಬುಡ ಮಸುಕಾಗಿ ನ್ಯುಮೋನಿಯಾದ ಹಾಗೆ ತೋರುತ್ತದೆ. ಎಡ-ಬಲದ ಗುರುತನ್ನು ಆಮೇಲೆ ಕಂಪ್ಯೂಟರಿನಲ್ಲಿ ಹಾಕುವುದಂತೂ ಅಪಾಯವೇ.

ಹುಡುಗರದ್ದೇ ತಪ್ಪೆನ್ನಲಾಗದು. ಒಬ್ಬ ಪದವಿ, ಒಬ್ಬ ಡಿಪ್ಲೊಮಾ, ಮತ್ತೊಬ್ಬ ನೋಡಿ ಕಲಿತವ. ಇಂಥ ತಂತ್ರಜ್ಞರಿಗೆ ದೇಶಕ್ಕೆಲ್ಲ ಒಂದೇ ತರಬೇತಿ ಮಟ್ಟ, ನೋಂದಣಿ ಇರಲೆಂದೇ 2021ರಲ್ಲಿ ಕಾಯ್ದೆ ಬಂತು. ಈ ಕೋಣೆಯ ಮಟ್ಟಿಗೆ ಅದಿನ್ನೂ ಘಟ್ಟ ಹತ್ತಿಲ್ಲ. ಹೋಗುವವರು ಸಿಬ್ಬಂದಿಯ ಎದೆಯ ಮೇಲೆ ಟಿಎಲ್‌ಡಿ ಬ್ಯಾಡ್ಜ್ (ಮೈಗೆ ತಗುಲಿದ ವಿಕಿರಣ ಅಳೆಯುವ ಬಿಲ್ಲೆ) ಇದೆಯೇ ನೋಡಿ, ತೆಗೆಯುವವರ ಓದು ಏನೆಂದು ಕೇಳಿ.