ಗಿರಾಕಿ ಎದುರಿಗೆ ಕೂತಿರುವಾಗ ಬರುವ ಅಪ್‌ಡೇಟ್: ಯಾವುದು ವಾಸಿ?

ಕಾಸರಗೋಡು ಜಿಲ್ಲೆಯ ಬದಿಯಡ್ಕದ ನಮ್ಮ ಡಿಟಿಪಿ ಅಂಗಡಿಯಲ್ಲಿ ಒಂದು ವಿಂಡೋಸ್ 11 ಕಂಪ್ಯೂಟರ್, ಒಂದು ಉಬುಂಟು. ಕೇರಳದ ಶಾಲೆಗಳಲ್ಲಿ ಕೈಟ್‌ನ (ಶಾಲೆಗಳ ಕಂಪ್ಯೂಟರ್ ವ್ಯವಸ್ಥೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ) ಗ್ನು/ಲಿನಕ್ಸ್ ಇದೆ, ಅದು ಉಬುಂಟುವಿನ ಮೇಲೆಯೇ ಕಟ್ಟಿದ್ದಾದ್ದರಿಂದ ಮಾಷ್ಟ್ರುಗಳು ತರುವ ಪ್ರಶ್ನೆಪತ್ರಿಕೆಗೆಲ್ಲ ಉಬುಂಟುವೇ ಅನುಕೂಲ. ಮದುವೆ ಕಾಗದ, ಯಕ್ಷಗಾನದ ಹ್ಯಾಂಡ್‌ಬಿಲ್ ವಿಂಡೋಸ್‌ನಲ್ಲಿ. ಪಿಎಸ್‌ಸಿ ಅರ್ಜಿ, ರೇಷನ್ ಕಾರ್ಡಿನ ಕೆಲಸ ಕ್ರೋಮ್‌ನಲ್ಲಿ. ನಾನು ಪರೀಕ್ಷಿಸಿದ್ದು ಇಷ್ಟೇ: ಗಿರಾಕಿ ಕಾಯುತ್ತಿರುವಾಗ ಇವುಗಳ ಅಪ್‌ಡೇಟ್ ಹೇಗೆ ನಡೆದುಕೊಳ್ಳುತ್ತದೆ?

ಹಗಲಿನ ಮಟ್ಟಿಗೆ ಕ್ರೋಮ್ ಗೆಲ್ಲುತ್ತದೆ. ಡೌನ್‌ಲೋಡ್ ಹಿಂದಿನಿಂದಲೇ ಮುಗಿಸಿ, ಮೇಲಿನ ಮೂಲೆಯಲ್ಲಿ ಬಣ್ಣ ತೋರಿಸಿ ಸುಮ್ಮನಿರುತ್ತದೆ. ಹಸಿರು ಅಂದರೆ ಅಪ್‌ಡೇಟ್ ಬಂದು ಎರಡು ದಿನ ಆಗಿಲ್ಲ, ಕಿತ್ತಳೆ ಅಂದರೆ ಸುಮಾರು ನಾಲ್ಕು ದಿನ, ಕೆಂಪು ಅಂದರೆ ವಾರ ದಾಟಿದೆ. ಪರದೆಯ ನಡುವೆ ಬಂದು ನಿಲ್ಲುವುದಿಲ್ಲ. ರೀಲಾಂಚ್ ಒತ್ತಿದರೆ ಟ್ಯಾಬ್‌ಗಳೆಲ್ಲ ವಾಪಸ್ ಬರುತ್ತವೆ, ಇನ್‌ಕಾಗ್ನಿಟೋ ಬಿಟ್ಟು. ಆದರೆ ಅರ್ಧ ತುಂಬಿದ ಅರ್ಜಿ ಹಾಗೆಯೇ ಉಳಿಯುತ್ತದೆಂದು ನಂಬಬೇಡಿ. ಒಟಿಪಿ ಬಂದ ಮೇಲಂತೂ ಆ ಗುಂಡಿ ಮುಟ್ಟಲೇಬಾರದು.

ಅದೇ ಬ್ರೌಸರ್ ಕೆಲಸವನ್ನು ಉಬುಂಟುವಿನ ಫೈರ್‌ಫಾಕ್ಸ್ ಬೇರೆ ರೀತಿ ಮಾಡುತ್ತದೆ. ಉಬುಂಟು 22.04 ಆವೃತ್ತಿಯಿಂದ ಅದು ಸ್ನ್ಯಾಪ್ ಆಗಿ, ಅಂದರೆ ತನ್ನಷ್ಟಕ್ಕೇ ಅಪ್‌ಡೇಟ್ ಆಗುವ ಪ್ಯಾಕೇಜ್ ಆಗಿ ಬರುತ್ತದೆ. ಅಪ್‌ಡೇಟ್ ಕಾದಿದೆ, ಅಪ್ಲಿಕೇಶನ್ ಮುಚ್ಚಿ, ಇನ್ನು ಇಷ್ಟು ದಿನ ಉಳಿದಿದೆ ಎನ್ನುವ ಸೂಚನೆ. ಗಡುವು 14 ದಿನ. ದಿನದ ಲೆಕ್ಕ ಕೊಡುವುದು ಒಳ್ಳೆಯದೇ. ಆದರೆ ಮುಚ್ಚಿದರೆ ಎಷ್ಟು ಹೊತ್ತು, ಮತ್ತೆ ಯಾವಾಗ ತೆರೆಯಬಹುದು? ಅದಕ್ಕೆ ಉತ್ತರ ಅಲ್ಲಿಲ್ಲ. ನಮ್ಮ ಹುಡುಗ ಒಮ್ಮೆ ಕೇಳಿದ, "ಅಣ್ಣ, 13 ದಿನ ಉಳಿದಿದೆ ಅಂತ, ಲೈಸೆನ್ಸ್ ಮುಗಿಯುವುದಾ?" ಹೊಸಬರಿಗೆ ಹಾಗೆ ಕಂಡರೆ ಆಶ್ಚರ್ಯವಿಲ್ಲ.

ಉಬುಂಟುವಿನ ಸಿಸ್ಟಮ್ ಅಪ್‌ಡೇಟ್ ಮಾತ್ರ ನನಗೆ ಇಷ್ಟ. ಎಷ್ಟು ಎಂಬಿ ಎಂದು ಮೊದಲೇ ಹೇಳುತ್ತದೆ, ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಕೆಲಸ ಮಾಡುವ ದಿನ ಇದೊಂದೇ ಸಾಕು. ಏನೇನು ಬದಲಾಗುತ್ತದೆ ಎಂದು ಬಿಡಿಸಿ ನೋಡಬಹುದು. ರೀಸ್ಟಾರ್ಟ್ ನಂತರ ಅಂದರೆ ಸರಿ ಅನ್ನುತ್ತದೆ. ಹಾಗೆಂದು ಮುಂದೂಡುತ್ತಲೇ ಹೋದರೆ ಹಳೆಯ ಕರ್ನೆಲ್‌ನಲ್ಲೇ (ಸಿಸ್ಟಮ್‌ನ ತಿರುಳು) ದಿನ ಕಳೆಯುತ್ತದೆ.

ಅದು ತಮಾಷೆಯ ವಿಷಯವಲ್ಲ. ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವಾನಾಕ್ರೈ ವೈರಸ್ ಬಂದದ್ದು 2017ರ ಮೇ 12ಕ್ಕೆ, ಅದನ್ನು ತಡೆಯುವ ವಿಂಡೋಸ್ ಅಪ್‌ಡೇಟ್ ಮಾರ್ಚ್ 14ಕ್ಕೇ ಬಿಡುಗಡೆಯಾಗಿತ್ತು. ವಯನಾಡಿನ ಪಂಚಾಯತ್ ಕಚೇರಿಯ ಕಂಪ್ಯೂಟರಿಗೂ ಅದು ತಗುಲಿತ್ತು. ಆದ್ದರಿಂದ ಅಪ್‌ಡೇಟನ್ನೇ ಪೂರ್ತಿ ನಿಲ್ಲಿಸಿಬಿಡಿ ಎನ್ನುವ ಯೂಟ್ಯೂಬ್ ಪಂಡಿತರ ಮಾತು ಕೇಳಬೇಡಿ.

ಇನ್ನು ವಿಂಡೋಸ್. ಬೈಯುವವರು ಬಹಳ, ಆದರೂ 2016ರಲ್ಲಿ ಬಂದ ಆ್ಯಕ್ಟಿವ್ ಅವರ್ಸ್ ಅಂಗಡಿಯವರಿಗೆ ಹೇಳಿ ಮಾಡಿಸಿದ್ದು. ನಾವು ಕೆಲಸ ಮಾಡುವ ಹೊತ್ತು ಯಾವುದೆಂದು ಅದರಲ್ಲಿ ಹೇಳಬಹುದು, ಈಗ ದಿನಕ್ಕೆ ಹೆಚ್ಚೆಂದರೆ 18 ಗಂಟೆಗಳಷ್ಟು; ಆ ಹೊತ್ತಿನಲ್ಲಿ ತಾನಾಗಿ ರೀಸ್ಟಾರ್ಟ್ ಆಗುವುದಿಲ್ಲ. ಪವರ್ ಗುಂಡಿ ಒತ್ತಿದಾಗ ಅಂದಾಜು ಎಷ್ಟು ನಿಮಿಷ ಎಂದೂ ತೋರಿಸುತ್ತದೆ. ಹಳೆಯ ಹಾರ್ಡ್ ಡಿಸ್ಕ್ ಇದ್ದರೆ ಆ ಅಂದಾಜಿನ ಮೇಲೆ ಸ್ವಲ್ಪ ಸೇರಿಸಿಕೊಳ್ಳಿ. 'ಅಪ್‌ಡೇಟ್ ಮಾಡಿ ಶಟ್‌ಡೌನ್' ಎನ್ನುವ ಆಯ್ಕೆ ನನ್ನ ಪ್ರಕಾರ ಇಡೀ ಹೋಲಿಕೆಯಲ್ಲೇ ಉತ್ತಮ: ಒತ್ತಿ, ಕಸ ಗುಡಿಸುವಷ್ಟರಲ್ಲಿ ಮುಗಿಯುತ್ತದೆ, ಉಳಿದದ್ದೇನಾದರೂ ಇದ್ದರೆ ಬೆಳಿಗ್ಗೆ ಆನ್ ಮಾಡುವಾಗ. ತಕರಾರು ಒಂದೇ. 'ಕಂಪ್ಯೂಟರ್ ಆಫ್ ಮಾಡಬೇಡಿ' ಎಂಬ ಪರದೆ ಒಮ್ಮೆ ಬಂದರೆ ನಡುವೆ ನಿಲ್ಲಿಸುವ ದಾರಿಯಿಲ್ಲ. ಆಟಿ ತಿಂಗಳ ಮಳೆಯಲ್ಲಿ ಕರೆಂಟು ನಮ್ಮ ಮಾತು ಕೇಳುತ್ತದಾ ಮಾರಾಯ್ರೆ? ಯುಪಿಎಸ್ ಇಲ್ಲದೆ ಅದನ್ನು ಒತ್ತಬೇಡಿ.

ಎಲ್ಲಕ್ಕಿಂತ ಕೊನೆಗೆ ಬರುವುದು ನಮ್ಮ ಪ್ರಿಂಟರಿನೊಂದಿಗೆ ಬಂದ ಸಾಫ್ಟ್‌ವೇರ್, ಕಂಪನಿಯ ಹೆಸರು ಬೇಡ. ಪ್ರಿಂಟ್ ಕೊಟ್ಟ ಗಳಿಗೆಯಲ್ಲೇ ಕಿಟಕಿ ತೆರೆದು, ಈಗಲೋ ಆಮೇಲೆಯೋ ಎಂದು ಕೇಳುತ್ತದೆ. ಎಷ್ಟು ಎಂಬಿ, ಎಷ್ಟು ನಿಮಿಷ, ಯಾಕೆ ಬೇಕು, ಒಂದೂ ಇಲ್ಲ. ಆಮೇಲೆ ಅಂದರೆ ಮುಂದಿನ ಪ್ರಿಂಟಿಗೆ ಮತ್ತೆ ಹಾಜರ್, ಸಾಲ ವಸೂಲಿಗೆ ಬಂದವರ ಹಾಗೆ.

ಈಗ ನಮ್ಮಲ್ಲಿ ಆ್ಯಕ್ಟಿವ್ ಅವರ್ಸ್ ಬೆಳಿಗ್ಗೆ ಎಂಟರಿಂದ ರಾತ್ರಿ ಒಂಬತ್ತು. ಕ್ರೋಮ್ ರೀಲಾಂಚ್ ಮಧ್ಯಾಹ್ನದ ಊಟಕ್ಕೆ ಏಳುವಾಗ. ಪ್ರಿಂಟರಿನ ಆ ಸಾಫ್ಟ್‌ವೇರನ್ನು ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟಪ್ ಪಟ್ಟಿಯಲ್ಲಿ ನಿಷ್ಕ್ರಿಯ ಮಾಡಿದ್ದೇನೆ. ಹೊಸ ಡ್ರೈವರ್ ಬೇಕಾದಾಗ ನಾನೇ ತೆರೆದು ಹಾಕುತ್ತೇನೆ.