ಒಂದೇ ವರದಿ, ಎರಡು ಸಲ: ಪೇಜ್‌ಮೇಕರ್ ಮತ್ತು ಸ್ಕ್ರೈಬಸ್

ಮಂಡ್ಯದಲ್ಲಿ ಡಿಟಿಪಿ ಕೆಲಸ ಮಾಡುವ ನನಗೆ ಸೆಪ್ಟೆಂಬರ್ ಅಂದರೆ ಹಾಲು ಉತ್ಪಾದಕರ ಸಂಘಗಳ ಮಹಾಸಭೆ ವರದಿ. ನಮ್ಮ ಪ್ರೆಸ್ಸಿನಲ್ಲಿ ಅದು ಇವತ್ತಿಗೂ ಪುಟ ಜೋಡಿಸುವ ತಂತ್ರಾಂಶವಾದ ಪೇಜ್‌ಮೇಕರ್ 7ರಲ್ಲಿ, ಕನ್ನಡ ಟೈಪಿಂಗ್ ತಂತ್ರಾಂಶ ‘ನುಡಿ’ಯ ಹಳೆ ಬಗೆಯ ಆಸ್ಕಿ ಫಾಂಟಿನಲ್ಲಿ ಆಗುತ್ತದೆ. ಆ ಪೇಜ್‌ಮೇಕರ್ ಬಂದದ್ದು 2001ರಲ್ಲಿ, ಆಮೇಲೆ 8ನೆಯ ಆವೃತ್ತಿ ಬರಲೇ ಇಲ್ಲ. ಅದಕ್ಕಾಗಿಯೇ ಮೂಲೆಯಲ್ಲೊಂದು ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರ್ ಇಟ್ಟುಕೊಂಡಿದ್ದೇವೆ. ಈ ಸಲ ಒಂದು ಸಂಘದ 24 ಪುಟದ ವರದಿಯನ್ನು ಅದೇ ಕೆಲಸದ, ಪುಕ್ಕಟೆಯಾಗಿ ಸಿಗುವ ಮುಕ್ತ ತಂತ್ರಾಂಶವಾದ ಸ್ಕ್ರೈಬಸ್ 1.6ರಲ್ಲೂ ಮಾಡಿ ನೋಡಿದೆ.

ಪೇಜ್‌ಮೇಕರಿನಲ್ಲಿ ಹೋದ ವರ್ಷದ ಫೈಲ್ ತೆಗೆದು, ಹೊಸ ಅಧ್ಯಕ್ಷರ ಫೋಟೊ ಹಾಕಿ, ಜಮಾ-ಖರ್ಚಿನ ಅಂಕಿ ತಿದ್ದಿದೆ. ಊಟದ ಹೊತ್ತಿಗೆ ಪ್ರೂಫ್ ಕೈಯಲ್ಲಿತ್ತು. ಸ್ಕ್ರೈಬಸ್ ಮೂರು ದಿನ ಹಿಡಿಯಿತು. ಹಳೆ ಬರಹವನ್ನು ಯೂನಿಕೋಡಿಗೆ, ಅಂದರೆ ಎಲ್ಲ ಕಂಪ್ಯೂಟರಿಗೂ ಕನ್ನಡ ಎಂದೇ ತಿಳಿಯುವ ಅಕ್ಷರ ಸಂಕೇತಕ್ಕೆ, ಪರಿವರ್ತಿಸಿದ ಮೇಲೆ ಅರ್ಕಾವತ್ತು ಇದ್ದಲ್ಲೆಲ್ಲ ಕಣ್ಣಿಟ್ಟು ನೋಡಬೇಕಾಯಿತು. ‘ಕಾರ್ಯದರ್ಶಿ’ ಅನ್ನುವ ಒಂದೇ ಪದದಲ್ಲಿ ಅವು ಎರಡಿವೆ! ಕೋಷ್ಟಕದ ವಿಷಯದಲ್ಲಂತೂ ಸ್ಕ್ರೈಬಸ್ ಸೋಲುತ್ತದೆ. ಆಸ್ತಿ-ಜವಾಬ್ದಾರಿ ತಖ್ತೆಯನ್ನು ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ಮಾಡಿ, ಪಿಡಿಎಫ್ ಆಗಿ ತಂದು ಕೂರಿಸಿದೆ.

ಬೆರಳಿಗೆ ಮಾತ್ರ ಕಷ್ಟವಾಗಲಿಲ್ಲ. ನುಡಿಗೆ ಆಧಾರವಾದ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವೇ ಯೂನಿಕೋಡಿಗೂ ಇದೆ. ಮುದ್ರಣದ ನಾಲ್ಕು ಬಣ್ಣಗಳ ಸಿಎಂವೈಕೆ ಪಿಡಿಎಫ್ ಕಳಿಸಿದೆ, ಪ್ಲೇಟ್ ಮಾಡುವವರು ತಕರಾರು ತೆಗೆಯಲಿಲ್ಲ.

ಪ್ರೆಸ್ಸಿನ ಯಜಮಾನರು ಒಪ್ಪಲಿಲ್ಲ. “ಪುಕ್ಕಟೆ ಅಂತೀಯಲ್ಲಮ್ಮ, ಮೂರು ದಿನದ ಕೂಲಿ ಪುಕ್ಕಟೆನಾ? ನೀನು ರಜಾ ಹಾಕಿದ ದಿನ ಕೆಟ್ಟು ಕೂತ್ರೆ ಯಾರ್ನ ಕರೀಲಿ?” ಅಂದರು. ಅವರ ಮಾತಿನಲ್ಲಿ ಹುರುಳಿದೆ. ಪೇಜ್‌ಮೇಕರಿನ ದುಡ್ಡು ಎಂದೋ ಕೊಟ್ಟಾಗಿದೆ, ಇನ್ನು ‘ಉಳಿತಾಯ’ ಅಂದರೆ ಅವರಿಗೆ ಉಳಿಯುವುದೇನು? ಅವರ ಆಸ್ತಿ ಇರುವುದು ಆ ಹಳೆ ಕಂಪ್ಯೂಟರಿನಲ್ಲಿರುವ ಹತ್ತಾರು ಸಂಘಗಳ ಫೈಲುಗಳಲ್ಲಿ. ಕೆಲಸ ಕೇಳಿಕೊಂಡು ಬರುವ ಹುಡುಗರಿಗೂ ಗೊತ್ತಿರುವುದು ಪೇಜ್‌ಮೇಕರ್, ಕೋರೆಲ್‌ಡ್ರಾ.

ಆದರೂ ನಾನು ಸ್ಕ್ರೈಬಸ್ ಪರ. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿದ್ದು 2014ರಲ್ಲಿ. ಆ ಹಾರ್ಡ್ ಡಿಸ್ಕ್ ಹೋದರೆ ನಮ್ಮ ಸೆಪ್ಟೆಂಬರ್ ಅಲ್ಲಿಗೇ ಮುಗಿಯಿತು. ಅದಕ್ಕಿಂತ ಹೆಚ್ಚಾಗಿ, ಆಸ್ಕಿ ಫಾಂಟು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿರುತ್ತದೆ. ಕಂಪ್ಯೂಟರಿಗೆ ಅದು ಕನ್ನಡ ಎಂದೇ ತಿಳಿಯದು. ಹೋದ ವರ್ಷ ಕಾರ್ಯದರ್ಶಿಯವರು ಅಧ್ಯಕ್ಷರ ಭಾಷಣವನ್ನು ವಾಟ್ಸಾಪ್ ಗುಂಪಿಗೆ ಹಾಕಲು ಕೇಳಿದರು. ಕಾಪಿ ಮಾಡಿದ್ದೆಲ್ಲ ಕಲಸುಮೇಲೋಗರವಾಗಿ, ನಾಲ್ಕು ಪುಟ ಕೂತು ಮತ್ತೆ ಟೈಪ್ ಮಾಡಿದ್ದೆ. ಈ ಸಲ ಸ್ಕ್ರೈಬಸ್ ಫೈಲಿನಿಂದ ತೆಗೆದದ್ದು ಹಾಗೇ ಹೋಯಿತು, ಒಂದು ಒತ್ತಕ್ಷರವೂ ಕೆಡಲಿಲ್ಲ.

ಹೊಸದಾಗಿ ಬರುವ ಸಂಘಗಳ ವರದಿಯನ್ನಷ್ಟೇ ಇದರಲ್ಲಿ ಮಾಡಲು ಯಜಮಾನರು ಈಗ ಒಪ್ಪಿದ್ದಾರೆ. ಇದುವರೆಗೆ ಎರಡು ಬಂದಿವೆ.