ಮೈಸೂರು ಸಹೋದರರ ಹಬ್ಬದ ಕಚೇರಿ: ಎಂಟನೇ ಕ್ರಾಸೋ, ಕೋಟೆಯೋ, ಅರಮನೆಯೋ, ಎ.ಸಿ. ಸಭಾಂಗಣವೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಮೈಸೂರಿನ ಎಂಟನೇ ಕ್ರಾಸ್‌ಗೆ. ಒಂಟಿಕೊಪ್ಪಲಿನ ಆ ಅಡ್ಡರಸ್ತೆಯಲ್ಲಿ ಗಣೇಶನ ಹಬ್ಬಕ್ಕೆ ರಸ್ತೆ ಮೇಲೇ ಚಪ್ಪರ ಹಾಕಿ ಸಂಗೀತ ಕಚೇರಿ ನಡೆಸುತ್ತಾರಲ್ಲ, ಅದಕ್ಕೆ. ಹೋದ ರಾಜ್ಯೋತ್ಸವದ ರಜೆಯಲ್ಲಿ ಬೆಂಗಳೂರಿನ ಒಂದು ಎ.ಸಿ. ಸಭಾಂಗಣಕ್ಕೆ ದುಡ್ಡು ಕೊಟ್ಟು ಹೋಗಿ ಬಂದ ಮೇಲಂತೂ ನನ್ನ ಮನಸ್ಸು ಪೂರ್ತಿ ಅತ್ತಲೇ ವಾಲಿದೆ.

ನಾವು ಕೇಳಲು ಹೋಗುವುದು ಮೈಸೂರು ಸಹೋದರರನ್ನು. ಅಣ್ಣ ನಾಗರಾಜ್, ತಮ್ಮ ಮಂಜುನಾಥ್, ಜೋಡಿ ಪಿಟೀಲು. ವಿದ್ವಾನ್ ಮಹದೇವಪ್ಪನವರ ಮಕ್ಕಳು, ತಂದೆಯ ಹತ್ತಿರವೇ ಕಲಿತವರು. ಇವರ ಕಚೇರಿ ಎಲ್ಲಿದ್ದರೂ ಒಟ್ಟಿಗೆ ಹೊರಡುವ ಸಣ್ಣ ಬಳಗ ನಮ್ಮದು. ಬ್ಯಾಂಕಿನಿಂದ ರಿಟೈರ್ ಆದ ರಾಯರು, ಮಕ್ಕಳಿಗೆ ಪಿಟೀಲು ಹೇಳಿಕೊಡುವ ಮೇಷ್ಟ್ರು, ಒಬ್ಬ ಸಾಫ್ಟ್‌ವೇರ್ ಹುಡುಗ, ನಾನು, ನಮ್ಮ ಅತ್ತಿಗೆ, ಜೊತೆಗೆ ಆಗಾಗ ಸೇರಿಕೊಳ್ಳುವವರು. ಎಲ್ಲರಿಗೂ ಒಂದೇ ದಿನ ಬಿಡುವು ಸಿಗುವುದು ಹಬ್ಬದಲ್ಲಿ ಮಾತ್ರ. ಹಾಗಾಗಿ ನಮ್ಮ ಪಾಲಿಗೆ ಹಬ್ಬ ಅಂದರೆ ಕಚೇರಿ.

ಒಬ್ಬಳೇ ಹೋಗಿ ಕೇಳುವುದು ಬೇರೆ, ಬಳಗದ ಜೊತೆ ಕೇಳುವುದು ಬೇರೆ. ಕಲ್ಪನಾಸ್ವರದಲ್ಲಿ, ಅಂದರೆ ಸ್ವರಗಳನ್ನು ಅಲ್ಲೇ ಕಟ್ಟಿ ನುಡಿಸುವಾಗ, ಅಣ್ಣ ಒಂದು ಆವರ್ತ (ತಾಳದ ಒಂದು ಸುತ್ತು) ನುಡಿಸಿ ಬಿಡುತ್ತಾರೆ. ತಮ್ಮ ಅಲ್ಲಿಂದಲೇ ಎತ್ತಿಕೊಂಡು ಇನ್ನೊಂದು ದಾರಿ ಹಿಡಿಯುತ್ತಾರೆ. ಆಮೇಲೆ ಅರ್ಧ ಆವರ್ತ, ಕಾಲು ಆವರ್ತ, ಹೀಗೆ ಕಿರಿದಾಗುತ್ತಾ ಬಂದು ಕೊನೆಗೆ ಇಬ್ಬರೂ ಒಟ್ಟಿಗೆ ಎಡುಪಿಗೆ, ಅಂದರೆ ತಾಳದಲ್ಲಿ ಹಾಡಿನ ಸಾಲು ಶುರುವಾಗುವ ಜಾಗಕ್ಕೆ, ಬಂದು ನಿಲ್ಲುತ್ತಾರೆ. ಆ ಕ್ಷಣಕ್ಕೆ ನಾನು ಪಕ್ಕಕ್ಕೆ ತಿರುಗಿದರೆ ಮೇಷ್ಟ್ರ ಮುಖ ಕಾಣಬೇಕು. ತೊಡೆ ಮೇಲೆ ತಾಳ ಹಾಕುತ್ತಾ ಕೂತ ರಾಯರು ಕಾಣಬೇಕು. ನಾನು ಜಾಗ ಅಳೆಯುವುದು ಮೊದಲು ಇದರಿಂದಲೇ: ಎಲ್ಲರೂ ಅಕ್ಕಪಕ್ಕ ಕೂರಲು ಆಗುತ್ತದಾ, ಪೂರ್ತಿ ಕಚೇರಿ ಕೇಳಲು ಸಿಗುತ್ತದಾ? ಸೌಂಡು, ಕುರ್ಚಿ, ಪಾರ್ಕಿಂಗ್ ಎಲ್ಲ ಆಮೇಲೆ.

ಈಗ ಆ ಸಭಾಂಗಣದ ವಿಷಯ. ಹೆಸರು ಬೇಡ. ತಲೆಗೆ 999 ರೂಪಾಯಿ, ಅದರ ಮೇಲೆ ಬುಕಿಂಗ್ ಚಾರ್ಜ್. ಕಚೇರಿ ತುಂಬಾ ಚೆನ್ನಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ತೊಂದರೆ ಕೊಟ್ಟಿದ್ದು ಟಿಕೆಟ್.

ಟಿಕೆಟ್ ಸಿಗುವುದು ಆ್ಯಪ್‌ನಲ್ಲಿ ಮಾತ್ರ. ಒಂದು ಸಲಕ್ಕೆ ಇಷ್ಟೇ ಟಿಕೆಟ್ ಅಂತ ಮಿತಿ ಬೇರೆ. ಹಾಗಾಗಿ ಬಳಗದ ಅರ್ಧ ಜನರಿಗೆ ಸಾಫ್ಟ್‌ವೇರ್ ಹುಡುಗ ಬುಕ್ ಮಾಡಿದ, ಉಳಿದ ಅರ್ಧಕ್ಕೆ ಅತ್ತಿಗೆ. ಇಬ್ಬರೂ ಒಂದೇ ಹೊತ್ತಿಗೆ ಫೋನ್ ಹಿಡಿದು ಕೂತು, ಒಂದೇ ದರದ ಟಿಕೆಟ್ ಆರಿಸಿದರು. ಸೀಟು ನಾವು ಆರಿಸುವ ಹಾಗಿಲ್ಲ, ಆ್ಯಪ್ಪೇ ಕೊಡುತ್ತದೆ. ಕೊಟ್ಟಿದ್ದು ಹೇಗೆ ಗೊತ್ತಾ? ಹುಡುಗನ ಬುಕಿಂಗ್ ಕೆಳಗೆ ಎಡಗಡೆ ಮೂಲೆಯಲ್ಲಿ, ಅತ್ತಿಗೆಯ ಬುಕಿಂಗ್ ಬಾಲ್ಕನಿಯಲ್ಲಿ. ಬದಲಾಯಿಸಲು ಆಗುವುದಿಲ್ಲ, ರದ್ದು ಮಾಡಿದರೆ ದುಡ್ಡು ವಾಪಸ್ ಬರುವುದಿಲ್ಲ. ಸಹಾಯವಾಣಿಗೆ ಬರೆದರೆ ನಿಯಮಗಳ ಪಟ್ಟಿಯನ್ನೇ ತಿರುಗಿಸಿ ಕಳಿಸಿದರು.

ಹೋಗಲಿ, ಒಳಗೆ ಹೋಗಿ ಯಾರನ್ನಾದರೂ ಕೇಳಿ ಅದಲುಬದಲು ಮಾಡಿಕೊಳ್ಳೋಣ ಅಂದುಕೊಂಡೆವು. ಆದರೆ ಒಳಗೆ ಹೋಗುವುದೇ ಕಷ್ಟವಾಯಿತು. ಒಂದು ಬುಕಿಂಗ್‌ನ ಅಷ್ಟೂ ಟಿಕೆಟ್ ಬುಕ್ ಮಾಡಿದವರ ಫೋನಿನಲ್ಲೇ ಇರುತ್ತದೆ. ಕ್ಯೂಆರ್ ಕೋಡ್ ಸ್ವಲ್ಪ ಹೊತ್ತಿಗೊಮ್ಮೆ ಬದಲಾಗುತ್ತಿರುತ್ತದೆ, ಹಾಗಾಗಿ ಫೋಟೊ ತೆಗೆದು ಕಳಿಸಿದರೆ ಪ್ರಯೋಜನವಿಲ್ಲ. ನಮ್ಮ ಹುಡುಗ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಸಿಕ್ಕಿಹಾಕಿಕೊಂಡಿದ್ದ. ರಾಯರು, ಮೇಷ್ಟ್ರು, ನಾನು ಗೇಟಿನಲ್ಲಿ. ಅವನು ಸ್ಕ್ರೀನ್‌ಶಾಟ್ ಕಳಿಸಿದ, ಗೇಟಿನಲ್ಲಿದ್ದವನಿಗೆ ತೋರಿಸಿದೆ.

"ಆ್ಯಪಲ್ಲೇ ತೋರಿಸ್ಬೇಕು ಮೇಡಂ, ಇದು ನಡೆಯಲ್ಲ."

"ದುಡ್ಡು ಕೊಟ್ಟಿದೀವಲ್ಲಪ್ಪ, ಹೆಸರು ನೋಡಿ ಬಿಡಿ."

"ಗೊತ್ತಾಗುತ್ತೆ ಮೇಡಂ, ಮೆಷಿನ್ ತಗೊಳ್ಳಲ್ವಲ್ಲ."

ಗೇಟಿನವನದೂ ತಪ್ಪಿಲ್ಲ, ಅವನ ಕೈಯಲ್ಲಿದ್ದ ಮೆಷಿನ್ ಹಸಿರು ತೋರಿಸಿದರೆ ಮಾತ್ರ ಬಿಡಬೇಕು. ಟಿಕೆಟನ್ನು ಬೇರೆಯವರ ಫೋನಿಗೆ ವರ್ಗಾಯಿಸುವ ದಾರಿ ಇದೆ. ಅದಕ್ಕೆ ಪ್ರತಿಯೊಬ್ಬರೂ ಆ್ಯಪ್ ಹಾಕಿಕೊಂಡು, ಖಾತೆ ತೆರೆದು, ಓಟಿಪಿ ಕೊಡಬೇಕು. ನನ್ನ ಫೋನಿಗೆ ಹೇಗೋ ಬಂತು. ಮೇಷ್ಟ್ರದ್ದೂ ಆಯಿತು. ರಾಯರ ಹತ್ತಿರ ಇರುವುದು ಬಟನ್ ಫೋನು. ನಮ್ಮಲ್ಲಿ ಎಲ್ಲರಿಗಿಂತ ಜಾಸ್ತಿ ಕಚೇರಿ ಕೇಳಿದವರು ಅವರು. ಒಳಗೆ ಶ್ರುತಿ ಮಾಡಿಕೊಳ್ಳುವ ಸದ್ದು ಕೇಳುತ್ತಿದೆ, ಮೊದಲು ನುಡಿಸುವ ವರ್ಣ ಶುರುವಾಯಿತು, ಮುಗಿಯಿತು. ರಾಯರು "ನೀವು ಹೋಗಿಮ್ಮ, ನಾನು ಬರ್ತೀನಿ" ಅನ್ನುತ್ತಿದ್ದಾರೆ. ಅವರನ್ನು ಬಿಟ್ಟು ಹೋಗಲು ಯಾರಿಗೆ ಮನಸ್ಸು ಬರುತ್ತದೆ? ಹುಡುಗ ಬಂದು ನಾವೆಲ್ಲ ಒಳಗೆ ಹೋಗುವ ಹೊತ್ತಿಗೆ ಎರಡನೇ ಕೃತಿಯ ಸ್ವರ ನಡೆಯುತ್ತಿತ್ತು. ಅತ್ತಿಗೆಯ ಗುಂಪು ಮೇಲೆ ಬಾಲ್ಕನಿಯಲ್ಲಿ, ನಾವು ಕೆಳಗೆ. ಕೊನೆಯ ತನಕ ಒಬ್ಬರ ಮುಖ ಇನ್ನೊಬ್ಬರು ನೋಡಲಿಲ್ಲ.

ಸೌಂಡಿನ ವಿಷಯದಲ್ಲಿ ಸಭಾಂಗಣವನ್ನು ಹೊಗಳಲೇಬೇಕು. ಇಬ್ಬರೂ ಒಂದೇ ಸಾಲನ್ನು ಒಬ್ಬರು ಮೇಲಿನ ಸ್ಥಾಯಿಯಲ್ಲಿ, ಇನ್ನೊಬ್ಬರು ಕೆಳಗಿನ ಸ್ಥಾಯಿಯಲ್ಲಿ ನುಡಿಸುವಾಗ ಎರಡೂ ಬೇರೆ ಬೇರೆಯಾಗಿ ಕೇಳಿದ್ದು ಅಲ್ಲಿ ಮಾತ್ರ. ಕಣ್ಣು ಮುಚ್ಚಿದರೂ ಇದು ಅಣ್ಣ, ಇದು ತಮ್ಮ ಅಂತ ಹೇಳಬಹುದಿತ್ತು. ಬಯಲಿನಲ್ಲಿ ಸ್ಪೀಕರ್ ಇಟ್ಟರೆ ಎರಡೂ ಕಲೆತುಹೋಗುತ್ತವೆ. ಸೌಂಡೇ ಮುಖ್ಯ, ಒಬ್ಬರೇ ಹೋಗುವುದು ಅನ್ನುವವರು ಧಾರಾಳವಾಗಿ ಸಭಾಂಗಣಕ್ಕೇ ಹೋಗಿ.

ಎರಡನೆಯದು ಬೆಂಗಳೂರಿನ ರಾಮನವಮಿ ಕಚೇರಿ. ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನ. 1939ರಲ್ಲಿ ಎಸ್.ವಿ. ನಾರಾಯಣಸ್ವಾಮಿ ರಾಯರು ಶುರು ಮಾಡಿದ ಶ್ರೀ ರಾಮಸೇವಾ ಮಂಡಳಿಯ ಉತ್ಸವ ಇದು. ಎಂ.ಎಸ್. ಸುಬ್ಬುಲಕ್ಷ್ಮಿಯವರಂಥವರು ಹಾಡಿದ ವೇದಿಕೆ. ಇಲ್ಲಿ ದಿನದ ಟಿಕೆಟ್ಟೂ ಉಂಟು, ಇಡೀ ಉತ್ಸವಕ್ಕೆ ಸೀಸನ್ ಪಾಸೂ ಉಂಟು. ಬೆಂಗಳೂರಿನಲ್ಲೇ ಇರುವವರಿಗೆ ಸೀಸನ್ ಪಾಸ್ ಒಳ್ಳೆಯದು, ದಿನದ ಲೆಕ್ಕ ಹಾಕಿದರೆ ಅದೇ ಅಗ್ಗ. ಕೆ.ಆರ್. ಮಾರ್ಕೆಟ್ ಮೆಟ್ರೊ ಸ್ಟೇಷನ್ನಿನಲ್ಲಿ ಇಳಿದು ಟಿಪ್ಪು ಅರಮನೆ, ಕೋಟೆ ವೆಂಕಟರಮಣ ದೇವಸ್ಥಾನ ದಾಟಿ ನಡೆದರೆ ಬಂದೇ ಬಿಡುತ್ತದೆ. ಪಾರ್ಕಿಂಗ್ ಯೋಚನೆಯೇ ಬೇಡ.

ಅಲ್ಲಿಯ ಕೇಳುಗರು ನನಗೆ ತುಂಬಾ ಇಷ್ಟ. ರಾಗದ ಮೊದಲ ಎಳೆ ಕೇಳಿದ ಕೂಡಲೇ ಹಿಂದಿನ ಸಾಲಿನಿಂದ ಮೆಲ್ಲಗೆ "ಷಣ್ಮುಖಪ್ರಿಯ" ಅನ್ನುವ ಸದ್ದು ಬರುತ್ತದೆ. ತನಿ ಆವರ್ತನ, ಅಂದರೆ ಮೃದಂಗದವರೇ ನುಡಿಸುವ ಭಾಗ, ಶುರುವಾದರೆ ಎದ್ದು ಕಾಫಿಗೆ ಹೋಗುವವರು ಕಡಿಮೆ. ಮೃದಂಗದವರಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಬೇಕಾ? ಪಾನಕ, ಕೋಸಂಬರಿ, ನೀರುಮಜ್ಜಿಗೆ ಇಲ್ಲದೆ ರಾಮನವಮಿ ಇಲ್ಲ. ಕಚೇರಿ ಮುಗಿಸಿ ವಿ.ವಿ. ಪುರದ ತಿಂಡಿ ಬೀದಿಗೆ ಹೋದರೆ ರಾತ್ರಿ ಊಟವೂ ಆಯಿತು.

ಕೋಟೆಯಲ್ಲಿ ನನಗೆ ಕಷ್ಟವಾಗುವುದು ಏಪ್ರಿಲ್ ಸೆಖೆ, ಮತ್ತೆ ಹೊರಗಿನ ರಸ್ತೆ. ಆಲಾಪನೆಯಲ್ಲಿ ಪಿಟೀಲು ಎಳೆ ಎಳೆಯಾಗಿ ಸಣ್ಣದಾಗುವಾಗಲೇ ಬಸ್ಸಿನ ಹಾರ್ನ್ ನುಗ್ಗುತ್ತದೆ. ಮಾವಿನ ಮಳೆ ಬಂದರೆ ಚಪ್ಪರದ ಮೇಲೆ ಹನಿ ಬೀಳುವ ಸದ್ದಿಗೆ ಮೈಕೂ ಸಾಲದು. ಆದರೂ ಎಂಟನೇ ಕ್ರಾಸ್ ಬಿಟ್ಟರೆ ನನಗೆ ಇದೇ.

ಮೈಸೂರು ಅರಮನೆ ಅಂಗಳದ ದಸರಾ ಕಚೇರಿ ನೋಡಲು ಚೆಂದ, ದುಡ್ಡೂ ಕೊಡಬೇಕಿಲ್ಲ. ವೇದಿಕೆಯ ಹಿಂದೆಯೇ ಅರಮನೆ. ಸುಮಾರು ಒಂದು ಲಕ್ಷ ಬಲ್ಬು ಒಮ್ಮೆಲೇ ಹತ್ತಿಕೊಂಡಾಗ ಜನರ ಬಾಯಿಂದ "ಓ" ಅಂತ ಉದ್ಗಾರ ಹೊರಡುತ್ತದೆ, ಕೂತವರೆಲ್ಲ ಫೋನ್ ಎತ್ತುತ್ತಾರೆ. ದೂರದ ಊರಿಂದ ಬಂದ ನೆಂಟರನ್ನು ಕರೆದುಕೊಂಡು ಹೋಗಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಆದರೆ ಒಂದೇ ಸಂಜೆ ಹಲವು ಕಾರ್ಯಕ್ರಮ ಇರುವುದರಿಂದ ಒಬ್ಬೊಬ್ಬರಿಗೆ ಸಿಗುವ ಸಮಯ ಕಡಿಮೆ. ಒಂದು ರಾಗವನ್ನು ಮುಕ್ಕಾಲು ಗಂಟೆ ಬೆಳೆಸುವ ಈ ಅಣ್ಣತಮ್ಮಂದಿರನ್ನು ಕೇಳಲು ಅಷ್ಟು ಸಮಯ ಸಾಲದು. ಮುಂದಿನ ಕುರ್ಚಿಗಳು ಪಾಸ್ ಇದ್ದವರಿಗೆ. ನಾವು ಕೂತಲ್ಲಿಂದ ಕಲಾವಿದರು ಬೆರಳುದ್ದ ಕಾಣುತ್ತಿದ್ದರು.

ಇನ್ನು ಎಂಟನೇ ಕ್ರಾಸ್. ಆರು ದಶಕದಿಂದ ನಡೆದುಕೊಂಡು ಬಂದಿರುವ ಗಣೇಶೋತ್ಸವ. ಟಿಕೆಟ್ ಇಲ್ಲ, ಪಾಸ್ ಕೇಳಿಕೊಂಡು ಓಡಾಡಬೇಕಿಲ್ಲ. ಎರಡೂ ಕಡೆ ಮನೆಗಳು, ನಡುವೆ ರಸ್ತೆ, ಆ ರಸ್ತೆಯೇ ಸಭಾಂಗಣ. ಚಪ್ಪರ ತುಂಬಿದ ಮೇಲೆ ಜನ ಮನೆಗಳ ಕಾಂಪೌಂಡ್ ಗೋಡೆ ಹತ್ತಿ ಕೂರುತ್ತಾರೆ, ಮಹಡಿಯಲ್ಲಿ ನಿಲ್ಲುತ್ತಾರೆ. ಐದು ಗಂಟೆಗೆ ಹೋದರೆ ಬಳಗಕ್ಕೆಲ್ಲ ಒಂದೇ ಸಾಲಿನಲ್ಲಿ ಜಾಗ. ಮೊದಲು ಬಂದವರು ಕುರ್ಚಿ ಮೇಲೆ ಟವೆಲ್ ಹಾಕಿ ಉಳಿದವರಿಗೆ ಕಾಯುತ್ತಾರೆ. ಅದನ್ನು ಯಾರೂ ತೆಗೆಯುವುದಿಲ್ಲ.

ಮುಂದಿನ ಸಾಲುಗಳಲ್ಲಿ ಕೂತರೆ ಸಣ್ಣ ಸಣ್ಣದೂ ಕಾಣುತ್ತದೆ. ಪಿಟೀಲಿನ ತುದಿ ಬಲಗಾಲಿನ ಹರಡಿನ ಮೇಲೆ ಕೂತಿರುವುದು. ಮೃದಂಗದವರು ಎಡಗಡೆಗೆ ರವೆ ಕಲಸಿ ಹಚ್ಚಿ, ತಟ್ಟಿ ನೋಡಿ, ಇನ್ನೊಂದು ಚೂರು ಹಚ್ಚುವುದು. ಒಂದು ಸಲ ತಾನದ ನಡುವೆ ಮಂಜುನಾಥರ ಬಿಲ್ಲಿನ ಕೂದಲೆಳೆ ಒಂದು ಕಿತ್ತು ಗಾಳಿಯಲ್ಲಿ ಅಲ್ಲಾಡುತ್ತಿತ್ತು. ಅಣ್ಣನ ಸರದಿ ಬಂದಾಗ ಅದನ್ನು ಬೆರಳಿಗೆ ಸುತ್ತಿ ಪಟ್ಟನೆ ಕಿತ್ತು ಪಕ್ಕಕ್ಕೆ ಹಾಕಿ, ಮತ್ತೆ ತಮ್ಮ ಸರದಿಗೆ ಸರಿಯಾಗಿ ಬಿಲ್ಲು ಇಟ್ಟರು. ಒಂದು ಅಕ್ಷರಕಾಲವೂ ಆಚೀಚೆ ಆಗಲಿಲ್ಲ. ಬಾಲ್ಕನಿಯಿಂದ ಇದು ಕಾಣುತ್ತದಾ?

ಚೀಟಿ ಕೊಡುವ ಪದ್ಧತಿಯೂ ಇಲ್ಲಿ ಜೀವಂತವಾಗಿದೆ. ಬೇಕಾದ ರಾಗ ಬರೆದು ಮುಂದಿನವರ ಕೈಗೆ ಕೊಟ್ಟರೆ ಅದು ಕೈಯಿಂದ ಕೈಗೆ ದಾಟಿ ವೇದಿಕೆ ಸೇರುತ್ತದೆ. ನಾವು ಕದನಕುತೂಹಲ ಬರೆದು ಕಳಿಸಿದ್ದೆವು. ಅದು ಶುರುವಾದಾಗ ಮೇಷ್ಟ್ರು ನನ್ನ ಮೊಣಕೈ ತಿವಿದು "ನಮ್ದೇ!" ಅಂದರು. ಪಕ್ಕದಲ್ಲಿ ಕೂತ ಗುರುತಿಲ್ಲದ ಅಜ್ಜಿಗೂ ಖುಷಿ. "ಬರ್ದಿದ್ದು ನೀವೇನಾ? ಒಳ್ಳೇದಾಯ್ತು ಕಣಮ್ಮ," ಅಂತ ಕೈಚೀಲದಿಂದ ಕಡುಬು ತೆಗೆದು ಕೊಟ್ಟರು.

ಮೈಸೂರು ಕೇಳುಗರಿಗೆ ಪಿಟೀಲೆಂದರೆ ಒಂದು ತೂಕ ಜಾಸ್ತಿಯೇ. ಮೈಕಿಲ್ಲದ ಕಾಲದಲ್ಲಿ ಹಿಂದಿನ ಸಾಲಿಗೂ ಕೇಳಲಿ ಅಂತ ಏಳು ತಂತಿಯ ಪಿಟೀಲು ಮಾಡಿಕೊಂಡ ಟಿ. ಚೌಡಯ್ಯನವರ ಊರು ಇದು. ನಾಗರಾಜ್, ಮಂಜುನಾಥ್ ಇಲ್ಲಿ ಮನೆಯ ಹುಡುಗರು. ಮನೆಯವರ ಮುಂದೆ ನುಡಿಸುವಾಗ ಬರುವ ಸಲಿಗೆ ಬೇರೆ. ಗಡಿಯಾರ ನೋಡದೆ ನುಡಿಸುತ್ತಾರೆ ಅನ್ನುವುದು ನನ್ನ ಕಿವಿಯ ಸಾಕ್ಷಿ.

ಕಷ್ಟಗಳೂ ಇವೆ. ಭಾದ್ರಪದದ ಮಳೆ. ಸೊಳ್ಳೆ. ಹೆಂಗಸರಿಗೆ ಶೌಚಾಲಯದ ತೊಂದರೆ ದೊಡ್ಡದು, ನಾವು ಪರಿಚಯದವರ ಮನೆಗೆ ಹೋಗಿ ಬರುತ್ತೇವೆ. ತಡವಾಗಿ ಹೋದರೆ ಇಡೀ ಕಚೇರಿ ನಿಂತೇ ಕೇಳಬೇಕು. ಬೆಂಗಳೂರಿನವರಿಗೆ ವಾಪಸ್ ಹೋಗುವ ಚಿಂತೆ ಇರುತ್ತದೆ, ಆದರೆ ಮೈಸೂರು ಬಸ್ ಸ್ಟ್ಯಾಂಡಿನಿಂದ ರಾತ್ರಿಯೆಲ್ಲ ಬಸ್ಸಿದೆ. ಮಂಗಳ ಕೇಳದೆ ಎದ್ದು ಓಡಬೇಡಿ.

ಮನೆಯಲ್ಲೇ ಲೈವ್ ನೋಡುವುದು ಹುಷಾರಿಲ್ಲದ ದಿನಕ್ಕೆ ಸರಿ.

ಖರ್ಚಿನ ಲೆಕ್ಕವೂ ಹೇಳುತ್ತೇನೆ. ಆ ಸಭಾಂಗಣದ ಒಂದು ಟಿಕೆಟ್ಟಿನ ದುಡ್ಡಿನಲ್ಲಿ ಬೆಂಗಳೂರಿನಿಂದ ಮೈಸೂರಿಗೆ ಮಾಮೂಲಿ ಬಸ್ಸಿನಲ್ಲಿ ಹೋಗಿ ಬಂದು, ಮಧ್ಯಾಹ್ನ ಊಟ, ಸಂಜೆ ತಿಂಡಿ ಕಾಫಿ ಆಗಿ ಇನ್ನೂ ಉಳಿಯುತ್ತದೆ. ಉಳಿದದ್ದನ್ನು ನಾನು ಗಣೇಶನ ಹುಂಡಿಗೆ ಹಾಕುತ್ತೇನೆ, ಕಚೇರಿ ನಡೆಯುವುದು ಜನ ಕೊಟ್ಟ ದುಡ್ಡಿನಿಂದಲೇ ಅಲ್ವಾ. ಮಂಡಿನೋವು ಇರುವವರು, ಮಳೆಗೆ ಆಗದವರು ರಾಮನವಮಿಗೆ ಕೋಟೆಗೆ ಹೋಗಿ. ನೆಂಟರು ಬಂದಿದ್ದರೆ ಅರಮನೆ. ಮುಂದೆಯೂ ನಮ್ಮ ಬಳಗದ ಹಬ್ಬ ಎಂಟನೇ ಕ್ರಾಸ್‌ನಲ್ಲೇ. ಟವೆಲ್ ಹಾಕುವ ಕೆಲಸ ಈ ಸಲ ಸಾಫ್ಟ್‌ವೇರ್ ಹುಡುಗನದು. ಅವನು ಬೆಳಗಿನ ರೈಲಿಗೇ ಬರುತ್ತಾನಂತೆ.